ರದ್ದಿ ಕೊಡುವ ಮುನ್ನ

ರದ್ದಿಯವನ ತಕ್ಕಡಿ ಬಾಗಿಲಿಗೆ ಬಂದ ಮೇಲೆ ಕಾಗದ ಆರಿಸಲು ಕೂರಬೇಡಿ. ಧಾರವಾಡದ ಈ ಮನೆಯಲ್ಲಿ ನಲವತ್ತು ವರ್ಷ ಸಂಸಾರ ಮಾಡಿದ ನಾನು ಮೊದಲು ಹೇಳುವ ಮಾತು ಇದು. ಒಮ್ಮೆ ಅವಸರದಲ್ಲಿ ಹಳೆಯ ಪತ್ರಿಕೆಗಳ ಗಂಟನ್ನು ಹಾಗೆಯೇ ಎತ್ತಿ ಕೊಟ್ಟುಬಿಟ್ಟೆ. ಹೊಲದ ವಾಟ್ನಿ ಪತ್ರ, ಅಂದರೆ ಪಾಲು ಹಂಚಿಕೆಯ ಪತ್ರ, ಒಂದು ದೀಪಾವಳಿ ವಿಶೇಷಾಂಕದ ನಡುವೆ ಕೂತಿತ್ತು. ಸಂಜೆ ನಾನೂ ನಮ್ಮ ಮನೆಯವರೂ ರದ್ದಿ ಅಂಗಡಿಯ ನೆಲದ ಮೇಲೆ ಕೂತು ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ಹುಡುಕಿದೆವು. ಸಿಕ್ಕಿತು. ಅಂಗಡಿಯಾತ ಪುಣ್ಯಾತ್ಮ, ಬೇಸರಿಸದೆ ಚಹಾ ತರಿಸಿಕೊಟ್ಟ. ಅಂದಿನಿಂದ ಪ್ರತಿ ಪುಸ್ತಕ, ಪತ್ರಿಕೆಯ ಬೆನ್ನು ಹಿಡಿದು ಎರಡು ಸಲ ಕೊಡವದೆ ಗಂಟಿಗೆ ಸೇರಿಸಿಲ್ಲ.

ಈ ಕೆಲಸಕ್ಕೆ ಮೇ ತಿಂಗಳು ಒಳ್ಳೆಯದು. ಮಕ್ಕಳ ಹಳೆಯ ನೋಟುಪುಸ್ತಕಗಳ ಕೆಲಸ ಆಗ ಮುಗಿದಿರುತ್ತದೆ, ಮೃಗಶಿರಾ ಮಳೆ ಇನ್ನೂ ಹಿಡಿದಿರುವುದಿಲ್ಲ. ನಮ್ಮೂರ ಜಿಟಿಜಿಟಿ ಮಳೆಯಲ್ಲಿ ತೇವ ಹಿಡಿದ ಕಾಗದಕ್ಕೆ ಬೂಷ್ಟು ಬರುತ್ತದೆ, ಗೆದ್ದಲು ಹತ್ತುತ್ತದೆ. ಅದನ್ನು ಯಾರೂ ಕೊಳ್ಳುವುದಿಲ್ಲ. ನೋಟುಪುಸ್ತಕದ ಬರೆಯದ ಹಾಳೆಗಳನ್ನು ಮೊದಲು ಕಿತ್ತು, ದಬ್ಬಣದಿಂದ ಹೊಲಿದು, ಕಿರಾಣಿ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಖರೀದಿ ಪತ್ರ, ವಾಟ್ನಿ ಪತ್ರ, ಕೈಬರಹದ ಹಳೆಯ ಉತಾರ (ಹೊಲದ ಪಹಣಿ) ಎಂದಿಗೂ ರದ್ದಿಯಲ್ಲ. ಪಹಣಿ ಈಗ ಕಂಪ್ಯೂಟರಿನಲ್ಲಿ ಸಿಗುತ್ತದೆಂದು ಹಳೆಯದನ್ನು ಎಸೆಯಬೇಡಿ. ಅಜ್ಜನ ಕಾಲದ ಹೆಸರು ಬೇಕಾದಾಗ ಅದೇ ಆಧಾರ. ಆದಾಯ ತೆರಿಗೆಯ ಕಾಗದಗಳನ್ನು ನಾನು ಎಂಟು ವರ್ಷ ಇಡುತ್ತೇನೆ. ಕರೆಂಟು ಬಿಲ್ಲು ಕಟ್ಟಿದ್ದು ಮುಂದಿನ ಬಿಲ್ಲಿನಲ್ಲಿ ಜಮೆಯಾಗಿದ್ದರೆ ಒಂದು ವರ್ಷ ಸಾಕು.

ನನಗೆ ಬಹಳ ಸಂಕಟ ಕೊಡುವುದು ಝೆರಾಕ್ಸ್ ಪ್ರತಿಗಳು. ಒಮ್ಮೆ ಸಂತೆಯಲ್ಲಿ ಶೇಂಗಾ ಕಟ್ಟಿಕೊಟ್ಟ ಪೊಟ್ಟಣ ಬಿಚ್ಚಿದರೆ, ಯಾರೋ ಹೆಣ್ಣುಮಗಳ ಫೋಟೋ, ಸಹಿ, ಬ್ಯಾಂಕಿನ ಖಾತೆ ಸಂಖ್ಯೆ ಎಲ್ಲ ಇದ್ದ ಅರ್ಜಿ. ಆಧಾರ್, ಪ್ಯಾನ್, ಪಾಸ್‌ಬುಕ್‌ನ ಪ್ರತಿಗಳನ್ನು ಇಡಿಯಾಗಿ ಹೊರಗೆ ಬಿಡಬೇಡಿ. ಎರಡು ತುಂಡು ಮಾಡಿದರೆ ಸಾಲದು, ಜೋಡಿಸಿ ಓದಬಹುದು. ಸಂಖ್ಯೆ, ಸಹಿ ಇರುವ ಭಾಗವನ್ನು ಚೂರುಚೂರು ಮಾಡಿ ನೀರಿನಲ್ಲಿ ನೆನೆಹಾಕಿ, ಕೈಯಿಂದ ಕಿವುಚಿಬಿಡಿ. ಸುಡಬೇಡಿ, ಆ ಹೊಗೆ ಓಣಿಯ ಕೂಸುಗಳ ಎದೆಗೆ ಹೋಗುತ್ತದೆ.

ಎಟಿಎಂ ಚೀಟಿ, ಅಂಗಡಿಯ ನುಣುಪು ಬಿಲ್ಲುಗಳ ಜಾತಿಯೇ ಬೇರೆ. ಉಗುರಿನಿಂದ ಗೀರಿದರೆ ಕಪ್ಪು ಗೆರೆ ಮೂಡುತ್ತದೆ, ಅದು ರಾಸಾಯನಿಕದ ಲೇಪ. ಇವನ್ನು ರದ್ದಿಗೆ ಬೆರೆಸಬೇಡಿ. ಮಿಕ್ಸರಿನ ಗ್ಯಾರಂಟಿ ಬಿಲ್ಲು ಇಂಥದ್ದಾದರೆ ಅಕ್ಷರ ಮಾಸುವ ಮೊದಲೇ ಝೆರಾಕ್ಸ್ ಮಾಡಿಸಿ. ಪ್ಲಾಸ್ಟಿಕ್ ಲೇಪದ ಲಗ್ನಪತ್ರಿಕೆಗಳೂ ರದ್ದಿಗೆ ಸಲ್ಲವು, ಪಾಲಿಕೆಯ ಗಾಡಿಗೆ ಒಣಕಸದಲ್ಲಿ ಹಾಕಿ.

ತೂಕದ ಬಗ್ಗೆ ಜಗಳ ಬೇಡವೆಂದರೆ, ಮನೆಯ ತೂಕದ ಯಂತ್ರದ ಮೇಲೆ ಬರಿಗೈಯಲ್ಲಿ ಒಮ್ಮೆ, ಗಂಟು ಹಿಡಿದು ಇನ್ನೊಮ್ಮೆ ನಿಲ್ಲಿ. ಎರಡರ ನಡುವಿನ ಅಂತರವೇ ಗಂಟಿನ ತೂಕ.

ಎಲ್ಲವನ್ನೂ ಮಾರಲೂಬೇಡಿ. ಕಾಗದದ ಒಂದು ಬುಟ್ಟಿ ಮಾಡಲು ಸಾಲುವಷ್ಟು ಪತ್ರಿಕೆ ಉಳಿಸಿಕೊಳ್ಳಿ. ನಮ್ಮ ಅತ್ತೆಯವರು ಕಲಿಸಿದ ರೀತಿ ಹೇಳುತ್ತೇನೆ: ಕಾಗದ ಹರಿದು ನಾಲ್ಕು ದಿನ ನೆನೆಸಿ, ದಿನವೂ ನೀರು ಬದಲಿಸಿ. ಒಂದು ಹಿಡಿ ಮೆಂತ್ಯವನ್ನು ರಾತ್ರಿ ನೆನೆಹಾಕಿ ನುಣ್ಣಗೆ ಅರೆಯಿರಿ. ಹಿಂಡಿದ ಕಾಗದಕ್ಕೆ ಅದನ್ನು ಕೂಡಿಸಿ, ಚಪಾತಿ ಹಿಟ್ಟಿನಂತೆ ಬರುವವರೆಗೆ ಒರಳಿನಲ್ಲಿ ಕುಟ್ಟಿ. ಬೋರಲು ಹಾಕಿದ ಪಾತ್ರೆಗೆ ಒದ್ದೆ ಬಟ್ಟೆ ಹೊದಿಸಿ, ಬೆರಳು ದಪ್ಪ ಮೆತ್ತಿ, ಒದ್ದೆ ಅಂಗೈಯಿಂದ ಸವರಿ. ಅಂಟು ಮೆಂತ್ಯದ್ದೇ, ಬೇರೆ ಬೇಡ. ಬಿಸಿಲಿಗೆ ಐದಾರು ದಿನ ಬಿಟ್ಟು, ತಟ್ಟಿದರೆ ಟಣ್ಣೆಂದಾಗ ಪಾತ್ರೆಯಿಂದ ಬಿಡಿಸಿ. ಒಳಗೆ ತೇವವಿದ್ದರೆ ಇನ್ನೂ ಒಂದು ದಿನ ತಡೆಯಿರಿ. ಅತ್ತೆಯವರು ಈ ಬುಟ್ಟಿಯಲ್ಲಿ ಕಾಳು ತುಂಬುತ್ತಿದ್ದರು. ನಾನು ತುಂಬುವುದಿಲ್ಲ; ಅಚ್ಚಿನ ಮಸಿ ಆಹಾರಕ್ಕೆ ತಾಗಬಾರದು, ಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದೆಂದು 2018ರ ಆಹಾರ ಸುರಕ್ಷತಾ ನಿಯಮವೂ ಹೇಳುತ್ತದೆ. ಮಿರ್ಚಿ ಭಜಿಯ ಎಣ್ಣೆ ಹೀರಲು ಪತ್ರಿಕೆ ಹಾಸುವುದನ್ನೂ ಬಿಟ್ಟಿದ್ದೇನೆ. ಬುಟ್ಟಿಯಲ್ಲಿ ಸೂಜಿ, ದಾರ, ಗುಂಡಿ ಇಡಿ. ಬಿಸಿಲಿಗೆ ಐದಾರು ದಿನ ಬಿಟ್ಟು, ತಟ್ಟಿದರೆ ಟಣ್ಣೆಂದಾಗ ಪಾತ್ರೆಯಿಂದ ಬಿಡಿಸಿ.