ಪುಕ್ಕ ಕೀಳುವ ಮೆಷಿನ್: ಬಿಸಿನೀರು ಸರಿ ಇದ್ದರೆ ಅರ್ಧ ಕೆಲಸ ಮುಗಿದಂತೆ

ದಾವಣಗೆರೆ ಪಕ್ಕದ ಹಳ್ಳಿ ನಮ್ಮದು. ಹಿತ್ತಲಲ್ಲಿ ನಾಟಿ ಕೋಳಿ, ಗಿರಿರಾಜ ಎರಡೂ ಸಾಕಿದ್ದೇವೆ. ಒಂದೆರಡು ಕೋಳಿಗಾದರೆ ಮೆಷಿನ್ ಬೇಕಿಲ್ಲ. ಆದರೆ ದುಗ್ಗಮ್ಮನ ಜಾತ್ರೆ ಬಂದರೆ ನೆಂಟರೆಲ್ಲ ಸೇರುತ್ತಾರೆ. ಅವ್ವ, ಅತ್ತಿಗೆ ಬೆಳಿಗ್ಗೆಯಿಂದ ಪುಕ್ಕ ಕೀಳುತ್ತಲೇ ಕೂರಬೇಕಿತ್ತು. ಅದನ್ನು ನೋಡಲಾಗದೆ ಮೆಷಿನ್ ತಂದೆ.

ಇದು ಒಳಗೆಲ್ಲ ರಬ್ಬರ್ ಬೆರಳು ಇರುವ ಸ್ಟೀಲ್ ಡ್ರಮ್. ತಳದ ತಟ್ಟೆ ತಿರುಗಿದಾಗ ಕೋಳಿ ಹೊರಳುತ್ತದೆ, ಬೆರಳುಗಳು ಉಜ್ಜಿ ಪುಕ್ಕ ಕೀಳುತ್ತವೆ. ಮೇಲಿಂದ ಪೈಪಿನಲ್ಲಿ ನೀರು ಬಿಡುತ್ತಿದ್ದರೆ ಪುಕ್ಕ ಕೆಳಗಿನ ಸಂದಿಯಿಂದ ಆಚೆ ಹೋಗುತ್ತದೆ. ಅಷ್ಟೇ.

ಡ್ರಮ್ಮಿಗೆ ಹಾಕುವ ಮೊದಲು ಕೋಳಿಯನ್ನು ಬಿಸಿನೀರಿಗೆ ಅದ್ದಬೇಕು. ಹಾಗಾಗಿ ಗಮನವೆಲ್ಲ ಇರಬೇಕಾದ್ದು ಹಂಡೆಯ ಮೇಲೆ. ನಾವು ಮೆಕ್ಕೆಜೋಳದ ಬೆಂಡು ಉರಿಸಿ ನೀರು ಕಾಯಿಸುತ್ತೇವೆ. ಬೆಂಡಿನ ಉರಿ ಜೋರು, ನೀರು ಬೇಗ ಕುದಿಗೆ ಬರುತ್ತದೆ. ಕುದಿಯುವ ನೀರು ಬೇಡವೇ ಬೇಡ. ಚರ್ಮ ಅಲ್ಲೇ ಬೆಂದು, ಡ್ರಮ್ಮಿಗೆ ಹಾಕಿದ ಕೂಡಲೇ ಹರಿಯುತ್ತದೆ. ನೀರು ತಣ್ಣಗಿದ್ದರೆ ಪುಕ್ಕ ಅರ್ಧಕ್ಕೆ ಮುರಿದು ಬುಡ ಒಳಗೇ ಉಳಿಯುತ್ತದೆ. 60ರಿಂದ 65 ಡಿಗ್ರಿ ಸರಿಯಾದ ಹದ. ಸುಮ್ನೆ ಕೈ ಅದ್ದಿ ಅಂದಾಜು ಮಾಡಬೇಡಿ, ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಎಳೆ ಕೋಳಿಗೆ ಮುಕ್ಕಾಲು ನಿಮಿಷ ಸಾಕು. ಬಲಿತ ನಾಟಿ ಹುಂಜಕ್ಕೆ ಒಂದು ನಿಮಿಷ, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಕಾಲು ಹಿಡಿದು ಮೇಲೆ ಕೆಳಗೆ ಆಡಿಸುತ್ತಿರಬೇಕು, ಆಗಲೇ ನೀರು ಪುಕ್ಕದ ಬುಡಕ್ಕೆ ಇಳಿಯೋದು. ರೆಕ್ಕೆಯ ದೊಡ್ಡ ಗರಿ ಒಂದನ್ನು ಎಳೆದು ನೋಡಿ. ತಡೆಯಿಲ್ಲದೆ ಕೈಗೆ ಬಂದರೆ ಹದವಾಗಿದೆ.

ಇನ್ನೊಂದು ಮಾತು, ಇದರಲ್ಲಿ ರಾಜಿ ಇಲ್ಲ. ಕೊಯ್ದ ಕೋಳಿಯ ರಕ್ತ ಪೂರ್ತಿ ಇಳಿದು, ಜೀವ ಹೋಗಿ, ಅಲುಗಾಟ ನಿಂತ ಮೇಲೇ ನೀರಿಗೆ ಅದ್ದಬೇಕು. ನಾವೇ ಕಾಳು ಹಾಕಿ ಸಾಕಿದ ಜೀವ, ಅಷ್ಟು ತಾಳ್ಮೆ ಬೇಕಲ್ವಾ?

ಡ್ರಮ್ಮಿನಲ್ಲಿ ಅರ್ಧ ನಿಮಿಷದೊಳಗೆ ಕೆಲಸ ಆಗುತ್ತದೆ. ಹೆಚ್ಚು ತಿರುಗಿಸಿದರೆ ರೆಕ್ಕೆಯ ಮೂಳೆ ಮುರಿಯಬಹುದು. ಬಾಲದ ಬುಡ, ರೆಕ್ಕೆ ತುದಿಯಲ್ಲಿ ಉಳಿದದ್ದನ್ನು ಕೈಯಲ್ಲೇ ತೆಗೆಯಬೇಕು.

"ಮೆಷಿನ್ನಿಗೆ ಹಾಕಿದ್ರೆ ಚರ್ಮ ಉಳೀತದೇನೋ?" ಎಂದು ಅವ್ವ ಕೇಳಿದ್ದಳು. ಅರಿಶಿನ ಹಚ್ಚಿ ಬೆಂಕಿಯಲ್ಲಿ ಸುಟ್ಟ ಚರ್ಮ ಇಲ್ಲದಿದ್ದರೆ ನಾಟಿ ಕೋಳಿ ಸಾರಿಗೆ ರುಚಿ ಎಲ್ಲಿಂದ ಬರಬೇಕು! ಹದದ ನೀರಿಗೆ ಅದ್ದಿ ಮೆಷಿನ್ನಿಗೆ ಹಾಕಿ ತೆಗೆದ ಕೋಳಿಯನ್ನು ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, ಮಾತಾಡದೆ ಅರಿಶಿನ ಹಚ್ಚತೊಡಗಿದಳು.

ನೀರು, ಕರೆಂಟು ಒಟ್ಟಿಗೇ ಇರುವ ಕೆಲಸ ಇದು. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಹಾಕಲೇಬೇಡಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ. ತೊಳೆಯುವಾಗ ಪ್ಲಗ್ ಕಿತ್ತಿಡಿ, ತಟ್ಟೆಯ ಅಡಿ ಸಿಕ್ಕಿಕೊಂಡ ಪುಕ್ಕವನ್ನೂ ತೆಗೆಯಿರಿ. ಬಿರುಕು ಬಿಟ್ಟ ರಬ್ಬರ್ ಬೆರಳನ್ನು ಮಾತ್ರ ಬದಲಾಯಿಸಿದರೆ ಸಾಕು.

ಪುಕ್ಕವನ್ನು ನಾನು ತಿಪ್ಪೆಗುಂಡಿಗೆ ಸಗಣಿ ಜೊತೆ ಹಾಕುತ್ತೇನೆ. ಕೊಳೆಯಲು ತಿಂಗಳುಗಟ್ಟಲೆ ಬೇಕು, ಆದರೆ ಸಾರಜನಕ ಚೆನ್ನಾಗಿರುವ ಗೊಬ್ಬರ, ಅಡಿಕೆ ಗಿಡದ ಬುಡಕ್ಕೆ ಹಾಕುತ್ತೇವೆ. ನಾಯಿಗಳು ಎಳೆದಾಡದಂತೆ ಮೇಲೆ ಮಣ್ಣು ಮುಚ್ಚಿದರಾಯಿತು.