ಊರಿಗೆ ಹೋದಾಗ ಫ್ರಿಜ್ ತೆಗೆದು ನೋಡಿ
ಫೋನಲ್ಲಿ ಕೇಳಿದ್ರೆ ಅಮ್ಮ ಯಾವತ್ತೂ ‘ನಂಗೇನಾಗಿದೆ, ಚೆನ್ನಾಗಿದೀನಿ’ ಅಂತಲೇ ಅನ್ನೋದು. ಮಾತು ಬಿಡಿ, ಮನೆ ನೋಡಿ. ಹೋದ ಸಲ ಅಮ್ಮನ ಫ್ರಿಜ್ಜಲ್ಲಿ ಕತ್ತರಿಸದೇ ಹಾಗೇ ಬಿಟ್ಟ ಹಾಲಿನ ಪ್ಯಾಕೆಟ್ ಐದು, ಬೂಷ್ಟು ಹಿಡಿದ ಹುಳಿ. ಬಿಪಿ ಮಾತ್ರೆ ತಿಂಗಳ ಕೊನೆಗೂ ಅರ್ಧ ಹಾಗೇ ಇತ್ತು. ನಡೆಯುವಾಗ ಗೋಡೆ ಹಿಡೀತಾರಾ, ಪಾತ್ರೆ ತಳ ಸೀದಿದೆಯಾ, ಕರೆಂಟ್ ಬಿಲ್ ಬಾಕಿಯಾ, ಗಮನಿಸಿ.

ಮರೆವು, ಗಲಿಬಿಲಿ ಒಂದೆರಡು ದಿನದಲ್ಲೇ ದಿಢೀರಂತ ಬಂದಿದ್ರೆ ವಯಸ್ಸಾಯ್ತು ಅಂತ ಸುಮ್ಮನಾಗಬೇಡಿ. ಮೂತ್ರದ ಸೋಂಕಾದರೂ, ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿದರೂ ಹಾಗಾಗುತ್ತೆ. ಅವತ್ತೇ ಡಾಕ್ಟರಿಗೆ ತೋರಿಸಿ.

‘ನೋಡ್ಕೊಳ್ಳೋಕೆ ಜನ ಇಡೋಣ’ ಅಂದ್ರೆ ರೇಗ್ತಾರೆ. ನಾನು ‘ಕಾಯಿ ತುರಿಯೋಕೆ ಒಬ್ಬರು ಬರ್ತಾರೆ’ ಅಂದೆ, ಒಪ್ಪಿದ್ರು! ಹಿರಿಯರ ಸಹಾಯವಾಣಿ 14567, ಉಚಿತ. ಫೋನಲ್ಲಿ ಸೇವ್ ಮಾಡ್ಕೊಳ್ಳಿ.