ಅನ್ನ ಆರಲು ಅಗಲ ಬೇಕು

ಮದುವೆ ದಿಬ್ಬಣದ ಬಸ್ಸಿಗೆ, ಪ್ರವಾಸ ಹೊರಟವರಿಗೆ ಪುಳಿಯೋಗರೆ, ಮೊಸರನ್ನ ಕಟ್ಟಿಕೊಡುವುದು ನನ್ನ ಕಸುಬು. ಇದರಲ್ಲಿ ಬೇಯಿಸುವುದಕ್ಕಿಂತ ಆರಿಸುವುದೇ ಹೆಚ್ಚು ಜವಾಬ್ದಾರಿಯ ಕೆಲಸ. ಬಿಸಿ ಅನ್ನವನ್ನು ಪೊಟ್ಟಣ ಕಟ್ಟಿದರೆ ಒಳಗೇ ಬೆವರಿ ಮಧ್ಯಾಹ್ನದೊಳಗೆ ಹಳಸುತ್ತದೆ.

ಕೊಳದಪ್ಪಲೆಯಲ್ಲೇ ಬಿಟ್ಟ ಅನ್ನ ಆರಿದಂತೆ ಕಾಣುತ್ತದೆ, ಆರಿರುವುದಿಲ್ಲ. ಮೇಲೆ ಕೈಯಿಟ್ಟರೆ ತಣ್ಣಗಿರುತ್ತದೆ. ಥರ್ಮಾಮೀಟರಿನ ಕಡ್ಡಿಯನ್ನು ನಡುವಿಗೆ ಚುಚ್ಚಿ ನೋಡಿ, ಗಂಟೆಗಳು ಕಳೆದರೂ ಬಿಸಿ ಹಾಗೇ ಇರುತ್ತದೆ. 40 ಸೆಂ.ಮೀ. ಅಗಲ, ಅಷ್ಟೇ ಎತ್ತರದ ಪಾತ್ರೆ ಸುಮಾರು 50 ಲೀಟರ್ ಹಿಡಿಯುತ್ತದೆ. ತಳ, ಸುತ್ತು, ಬಾಯಿ ಎಲ್ಲ ಸೇರಿಸಿದರೂ ಅದರ ಹೊರಮೈ 7,500 ಚದರ ಸೆಂ.ಮೀ. ಆಸುಪಾಸು. ಅದೇ ಅನ್ನವನ್ನು 50 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲದ 8 ಟ್ರೇಗಳಲ್ಲಿ ಹರವಿದರೆ ದಪ್ಪ 4 ಸೆಂ.ಮೀ.ಗೂ ಕಡಿಮೆ, ಹೊರಮೈ 30,000 ದಾಟುತ್ತದೆ. ಶಾಖ ಹೊರಬೀಳುವ ಜಾಗ ನಾಲ್ಕು ಪಟ್ಟು ಹೆಚ್ಚಿತು. ದಪ್ಪ ಇಳಿದ ಲಾಭ ಇನ್ನೂ ದೊಡ್ಡದು: ನಡುವಿನ ಅಗುಳಿನ ಶಾಖ 20 ಸೆಂ.ಮೀ. ದಾಟಬೇಕಿದ್ದದ್ದು ಈಗ ಎರಡಕ್ಕೂ ಕಡಿಮೆ. ದಾಟುವ ದೂರ ಅರ್ಧವಾದರೆ ಅದಕ್ಕೆ ಹಿಡಿಯುವ ಹೊತ್ತು ಕಾಲು ಭಾಗಕ್ಕಿಳಿಯುತ್ತದೆ. ಸಾರಿನ ಹಾಗೆ ಅನ್ನ ತಾನಾಗಿ ಮೇಲೆ ಕೆಳಗೆ ತಿರುಗುವುದಿಲ್ಲವಾದ್ದರಿಂದ ಈ ದೂರವೇ ಮುಖ್ಯ.

ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿದರೆ ಮತ್ತೆ ಒಂದೇ ರಾಶಿಯಾದಂತೆ. ನಾನು ಕಂಬಿ ಸ್ಟ್ಯಾಂಡಿನ ಮೇಲೆ ಬಿಡಿಬಿಡಿಯಾಗಿ ಇಡುತ್ತೇನೆ, ತಳಕ್ಕೂ ಗಾಳಿ ಆಡಬೇಕು. ಎಳ್ಳೆಣ್ಣೆ ಚಿಮುಕಿಸಿ, ಅಗುಳು ಮುರಿಯದಂತೆ ಮರದ ಸೌಟಿನಿಂದ ಸಾಲು ಎಳೆಯುತ್ತೇನೆ. ಒಂದೊಂದು ಸಾಲೂ ಗಾಳಿಗೆ ಹೊಸ ಮೈ ತೆರೆಯುತ್ತದೆ. ಫ್ಯಾನು ಇರಲಿ, ಮುಚ್ಚಳ ಮಾತ್ರ ಬೇಡ. 1 ಗ್ರಾಂ ನೀರು ಆವಿಯಾಗುವಾಗ 540 ಕ್ಯಾಲೊರಿಯಷ್ಟು ಶಾಖ ಹೊತ್ತೊಯ್ಯುತ್ತದೆ. ಮುಚ್ಚಿದರೆ ಆ ಹಬೆ ಮುಚ್ಚಳಕ್ಕೆ ತಗುಲಿ ನೀರಾಗಿ ಅನ್ನದ ಮೇಲೇ ತೊಟ್ಟಿಕ್ಕುತ್ತದೆ. ಹಬೆ ಹೋದಷ್ಟೂ ಪುಳಿಯೋಗರೆಗೆ ಅನ್ನ ಉದುರುದುರಾಗುತ್ತದೆ. ಮೊಸರನ್ನಕ್ಕೆ ಈ ಒಣಗುವಿಕೆ ಒಗ್ಗದು, ಅದಕ್ಕೇ ಬಿಸಿಯಲ್ಲೇ ಹಾಲು ಬೆರೆಸಿ ಮಸೆದು ಹರವುತ್ತೇನೆ. ಮೊಸರು, ಒಗ್ಗರಣೆ ಆರಿದ ಮೇಲೆ.

ಇಷ್ಟು ಕಟ್ಟುನಿಟ್ಟು ಯಾಕೆಂದು ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ಕೇಳುತ್ತಾರೆ. ಅಕ್ಕಿಯಲ್ಲಿ ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳಿರಬಹುದು, ಅವು ಕುದಿಯಲ್ಲೂ ಬದುಕುತ್ತವೆ. ಅನ್ನ ಉಗುರುಬೆಚ್ಚಗೆ ಕೂತಷ್ಟು ಹೊತ್ತೂ ಅವಕ್ಕೆ ಹಬ್ಬ. ವಾಂತಿ ತರಿಸುವ ವಿಷ ಒಮ್ಮೆ ಹುಟ್ಟಿದರೆ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಊಟ ಕಟ್ಟಿಕೊಂಡು ಹೋದವರಲ್ಲಿ ಮಕ್ಕಳಿರುತ್ತಾರೆ, ವಯಸ್ಸಾದವರಿರುತ್ತಾರೆ. ಆದ್ದರಿಂದ ಉಗುರುಬೆಚ್ಚಗಿನ ಹೊತ್ತನ್ನು ಆದಷ್ಟೂ ಕಿರಿದಾಗಿಸುವುದೇ ನನ್ನ ಪ್ರಯತ್ನ.

ಬಿಸಿಬಿಸಿ ಬಡಿಸಬೇಕಾದ ಬಿಸಿಬೇಳೆಬಾತಿಗೆ ಎಲ್ಲವೂ ತಿರುಗುಮುರುಗು: ಆಳದ ಪಾತ್ರೆ, ಕಂಠದವರೆಗೆ ತುಂಬಿ, ಬಿಗಿಯಾಗಿ ಮುಚ್ಚಳ. ಬಡಿಸುತ್ತ ಅರ್ಧಕ್ಕಿಳಿದ ಕೂಡಲೇ ಅದನ್ನು ಚಿಕ್ಕ ಪಾತ್ರೆಗೆ ಬಗ್ಗಿಸುತ್ತೇವೆ.